ಗೋಡೆಯ ಮೇಲಿನ ಗುರುಪುರ ನದಿ

ಡೊಂಬಿವಲಿಯ ನಮ್ಮ ಮನೆಯ ಹಾಲ್‌ನಲ್ಲಿ ಒಂದು ತೈಲಚಿತ್ರ ಉಂಟು. ಮಂಗಳೂರಿನ ದಕ್ಕೆ, ಗುರುಪುರ ನದಿಯ ದಂಡೆಯಲ್ಲಿ ಮೈಗೆ ಮೈ ತಾಗಿಸಿ ನಿಂತ ಮೀನುಗಾರಿಕೆಯ ಬೋಟುಗಳು, ಆಚೆ ಬೆಂಗ್ರೆಯ ತೆಂಗಿನ ಸಾಲು. 1984ರಲ್ಲಿ ಅಲ್ಲಿನ ಶಾಖೆಯಿಂದ ಮುಂಬಯಿಗೆ ವರ್ಗವಾದಾಗ ಸಹೋದ್ಯೋಗಿಗಳು ಕೊಟ್ಟದ್ದು. ನಾಲ್ಕು ಬಾಡಿಗೆ ಮನೆ ಬದಲಿಸಿದರೂ ಇದನ್ನು ಬಿಡಲಿಲ್ಲ. ಊರು ಅಂದರೆ ಇದೇ ಅಂದುಕೊಂಡಿದ್ದೆ.

ಕೆಲವು ವರ್ಷಗಳ ಹಿಂದೆ ಪಕ್ಕದ ಕಟ್ಟಡದ ಹಿರಿಯರೊಬ್ಬರು ಬಂದರು. ಬೆಂಗ್ರೆಯವರು, ಸಸೂನ್ ಡಾಕ್‌ನಲ್ಲಿ ದುಡಿದು ವಯಸ್ಸಾದವರು. ಕನ್ನಡಕ ಏರಿಸಿ ನೋಡಿ, "ಬೋಟೆಲ್ಲ ಸರಿ ಉಂಟು ಮಾರಾಯ್ರೆ, ನಮ್ಮ ರಂಪಣಿ ಎಲ್ಲಿ?" ಎಂದರು.

"ನದಿಯಲ್ಲಿ ರಂಪಣಿ ಎಲ್ಲಿಂದ ಬರ್ಬೇಕು? ಅದು ಕಡಲಬದಿಯದ್ದಲ್ವಾ?"

"ಅದನ್ನೇ ನಾನು ಹೇಳುವುದು" ಎಂದರು.

ರಂಪಣಿಗೆ ಬಂದರು ಬೇಕಿರಲಿಲ್ಲ. ದೋಣಿ ಕಡಲಿಗಿಳಿದು ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತಿತ್ತು. ಎರಡೂ ತುದಿಗಳನ್ನು ಹತ್ತಾರು ಜನ ಮರಳಿನ ಮೇಲೆ ನಿಂತು ಎಳೆಯುತ್ತಿದ್ದರು. ಬಂಗುಡೆ, ಬೂತಾಯಿ. ಬಲೆಯಲ್ಲಿ ಪಾಲು ಇದ್ದವನಿಗೆ ಮೀನಲ್ಲೂ ಪಾಲು. ಹೆಂಗಸರು ಅಲ್ಲೇ ಬುಟ್ಟಿ ತುಂಬಿಸಿಕೊಂಡು ಮಾರಲು ಹೊರಡುತ್ತಿದ್ದರು. ಆಗ ನದಿಯ ಬಂದರು ಮುಖ್ಯವಾಗಿ ಹಂಚು ಹೇರುವ ಮಂಜಿಗಳದ್ದು.

1950ರ ದಶಕದ ಕೊನೆಗೆ ಇಂಜಿನ್ ಬೋಟುಗಳು ಬಂದವು. ಅವನ್ನು ಮರಳಿಗೆ ಎಳೆದು ಹಾಕಲಿಕ್ಕಾಗುವುದಿಲ್ಲ. ಅಲೆಯಿಲ್ಲದ ನೀರು ಬೇಕು, ಡೀಸೆಲ್ ಬೇಕು, ಮಂಜುಗಡ್ಡೆ ಬೇಕು, ಏಲಂ ಕೂಗಲು ಜಾಗ ಬೇಕು. ಹಾಗೆ ಮೀನು ಕಡಲಬದಿ ಬಿಟ್ಟು ನದಿಗೆ ಬಂತು. 1970ರ ದಶಕದ ನಡುವಿನಲ್ಲಿ ಪರ್ಸಿನ್ ಬಲೆ ಬಂದ ಮೇಲಂತೂ, ಮೀನಿನ ಹಿಂಡು ದಡ ಸೇರುವ ಮೊದಲೇ ಅದನ್ನು ಕಡಲಲ್ಲೇ ಸುತ್ತುಹಾಕಿ ಹಿಡಿಯತೊಡಗಿದರು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿ ನಿಂತಿತು. (ಕೈರಂಪಣಿ ಅಲ್ಲಲ್ಲಿ ಉಳಿಯಿತು, ಅದು ಸಣ್ಣದು.)

ಈ ಬದಲಾವಣೆಯಲ್ಲಿ ಬ್ಯಾಂಕುಗಳ ಕೈಯೂ ಇತ್ತು. 1969ರ ರಾಷ್ಟ್ರೀಕರಣದ ನಂತರ ಆದ್ಯತಾ ವಲಯದ ಸಾಲ ಎಂದು ಬೋಟುಗಳಿಗೆ ಹಣ ಹೋಯಿತು. ತಪ್ಪೆನ್ನಲಾರೆ, ಎಷ್ಟೋ ಮನೆ ಎದ್ದು ನಿಂತವು. 1981ರಲ್ಲಿ ನಾನು ಕೆಲಸಕ್ಕೆ ಸೇರಿದಾಗ ಬೋಟ್ ಸಾಲದ ಲೆಡ್ಜರು ನನ್ನ ಟೇಬಲಿಗೇ ಬಂತು. ಅರ್ಜಿ ನಮೂನೆಯಲ್ಲಿ ಮಾಲೀಕನ ಹೆಸರಿಗೆ ಒಂದೇ ಗೆರೆ. ಹತ್ತಾರು ಪಾಲುದಾರರ ಬಲೆಯನ್ನು ಆ ಒಂದು ಗೆರೆಯಲ್ಲಿ ಬರೆಯುವುದು ಹೇಗೆ? ಆಗ ಈ ಪ್ರಶ್ನೆ ನನಗೆ ಹೊಳೆದದ್ದೇ ಇಲ್ಲ. ಕಂತು ಬಾಕಿಯ ನೋಟಿಸು ಕಳಿಸುವುದೇ ನನ್ನ ಕೆಲಸ. ಕೆಲವು ರಿಜಿಸ್ಟರ್ಡ್ ಲಕೋಟೆಗಳು 'ಮುಂಬಯಿಗೆ ಹೋಗಿದ್ದಾರೆ' ಎಂಬ ಷರಾದೊಂದಿಗೆ ವಾಪಸಾಗುತ್ತಿದ್ದವು. ನಾನು ಅವನ್ನು ಫೈಲಿಗೆ ಹಾಕುತ್ತಿದ್ದೆ.

ಇದನ್ನೆಲ್ಲ ಹಿರಿಯರಿಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ.

"ನಿಮಗೂ ರಂಪಣಿಯಲ್ಲಿ ಪಾಲಿತ್ತಾ?" ಎಂದು ಕೇಳಿದೆ.

"ಅರ್ಧ ಪಾಲು. ಅಪ್ಪಂದು. ಬಲೆ ಮಾರಿದ ವರ್ಷವೇ ನಾನು ಬಸ್ಸು ಹತ್ತಿದ್ದು."

ಎದ್ದು ಹೋಗಿ ಚಿತ್ರದಲ್ಲಿ ಬೋಟುಗಳನ್ನು ದಾಟಿ, ನದಿ ದಾಟಿ, ತೆಂಗಿನ ಸಾಲಿನ ಮೇಲೆ ಬೆರಳಿಟ್ಟರು. "ಇದರ ಹಿಂದೆ" ಎಂದರು, "ನಾವು ಎಳೀತಿದ್ದದ್ದು ಇಲ್ಲಿ."