ಎರಡು ಭಾಷೆಗಳ ತೆರೆಯಲ್ಲಿ ಮರಾಠಿ ನಟ: ಶ್ರೀರಾಮ ಲಾಗೂ ಮತ್ತು ಅವರ ಪರಂಪರೆ

ಮರಾಠಿ ಮತ್ತು ಹಿಂದಿ ಚಲನಚಿತ್ರಗಳೆರಡರಲ್ಲೂ ದುಡಿದ ನಟರ ಚರಿತ್ರೆಯನ್ನು ಸ್ಟುಡಿಯೋದ ಬಾಗಿಲಿನಿಂದಲ್ಲ, ನಾಟಕದ ತಾಲೀಮುಮನೆಯಿಂದ ಆರಂಭಿಸುವುದು ಯುಕ್ತ. ಅವರಲ್ಲಿ ಬಹುಮಂದಿಯ ಮಾತಿನ ಹದ, ನಿಲುವು, ಮೌನವನ್ನು ಹಿಡಿದಿಡುವ ಕಸುವು ಎಲ್ಲವೂ ಅಲ್ಲಿಯೇ ರೂಪುಗೊಂಡವು. ಆ ಮರಾಠಿ ರಂಗಭೂಮಿಯ ಮೂಲದಲ್ಲಿ ಕನ್ನಡದ ಪಾಲೂ ಇದೆ. ಉತ್ತರ ಕನ್ನಡದ ಕರ್ಕಿಯ ಯಕ್ಷಗಾನ ಮೇಳವು ಸಾಂಗ್ಲಿಯಲ್ಲಿ ಆಡಿದ ಆಟಗಳಿಂದ ಪ್ರೇರಣೆ ಪಡೆದೇ ವಿಷ್ಣುದಾಸ ಭಾವೆಯವರು 1843ರಲ್ಲಿ ‘ಸೀತಾ ಸ್ವಯಂವರ’ವನ್ನು ರಂಗಕ್ಕೆ ತಂದರು.

ಮಾತಿನ ಚಿತ್ರಗಳು ಬಂದಾಗ ಈ ನಟರಿಗೆ ಎರಡು ಭಾಷೆಗಳ ದಾರಿ ಒಮ್ಮೆಗೇ ತೆರೆಯಿತು. ಪ್ರಭಾತ್ ಸಂಸ್ಥೆಯು 1932ರ ‘ಅಯೋಧ್ಯೇಚಾ ರಾಜಾ’ ಚಿತ್ರದಿಂದ ದ್ವಿಭಾಷಾ ಪದ್ಧತಿಯನ್ನು, ಅಂದರೆ ಒಂದೇ ದೃಶ್ಯವನ್ನು ಮರಾಠಿಯಲ್ಲೊಮ್ಮೆ ಹಿಂದಿಯಲ್ಲೊಮ್ಮೆ ಬೇರೆಬೇರೆಯಾಗಿ ಚಿತ್ರೀಕರಿಸುವ ಕ್ರಮವನ್ನು ಅನುಸರಿಸಿತು. 1937ರ ‘ಕುಂಕೂ’ ಹಿಂದಿಯಲ್ಲಿ ‘ದುನಿಯಾ ನ ಮಾನೇ’ ಆದಾಗ ಕೇಶವರಾವ್ ದಾತೆ ಮತ್ತು ಶಾಂತಾ ಆಪ್ಟೆ ಎರಡರಲ್ಲೂ ಅದೇ ಪಾತ್ರಗಳನ್ನು ಅದೇ ತೂಕದಿಂದ ನಿರ್ವಹಿಸಿದರು. ಸ್ಟುಡಿಯೋ ವ್ಯವಸ್ಥೆ ಕುಸಿದ ಮೇಲೆ ಈ ಸಮಾನತೆ ಉಳಿಯಲಿಲ್ಲ. ತಾರೆಯರ ಸುತ್ತ ಸುತ್ತತೊಡಗಿದ ಹಿಂದಿ ಚಿತ್ರರಂಗವು ಮರಾಠಿ ರಂಗನಟನನ್ನು ಬಹುಮಟ್ಟಿಗೆ ಪೋಷಕ ಪಾತ್ರಗಳಿಗಷ್ಟೇ ಕರೆಯತೊಡಗಿತು.

ಈ ಒಡಕಿನ ಎರಡೂ ದಡಗಳಲ್ಲಿ ನಿಂತವರು ಶ್ರೀರಾಮ ಲಾಗೂ. 1927ರ ನವೆಂಬರ್ 16ರಂದು ಸಾತಾರಾದಲ್ಲಿ ಜನಿಸಿದ ಅವರು ಪುಣೆಯ ಬಿ.ಜೆ. ವೈದ್ಯಕೀಯ ಕಾಲೇಜಿನಲ್ಲಿ ಓದಿ, ಕಿವಿ-ಮೂಗು-ಗಂಟಲಿನ ಶಸ್ತ್ರವೈದ್ಯರಾಗಿ ಪುಣೆಯಲ್ಲಿಯೂ ಆಫ್ರಿಕಾದಲ್ಲಿಯೂ ವೃತ್ತಿ ನಡೆಸುತ್ತಲೇ, ಭಾಲಬಾ ಕೇಳಕರ್ ಅವರ ಒಡನಾಟದ ಪ್ರೋಗ್ರೆಸಿವ್ ಡ್ರಮ್ಯಾಟಿಕ್ ಅಸೋಸಿಯೇಷನ್ ಎಂಬ ಹವ್ಯಾಸಿ ತಂಡದಲ್ಲಿ ಅಭಿನಯವನ್ನು ರೂಢಿಸಿಕೊಂಡರು. 1969ರಲ್ಲಿ, ನಾಲ್ವತ್ತು ದಾಟಿದ ವಯಸ್ಸಿನಲ್ಲಿ, ವೈದ್ಯವೃತ್ತಿಯನ್ನು ಬಿಟ್ಟು ವಸಂತ ಕಾನೇಟ್ಕರರ ‘ಇಥೇ ಓಶಾಳಲಾ ಮೃತ್ಯು’ ನಾಟಕದ ಮೂಲಕ ಪೂರ್ಣಾವಧಿ ನಟರಾದರು. 1970ರ ಡಿಸೆಂಬರಿನಲ್ಲಿ ಗೋವಾ ಹಿಂದೂ ಅಸೋಸಿಯೇಷನ್ ರಂಗಕ್ಕೆ ತಂದ ವಿ.ವಾ. ಶಿರವಾಡಕರರ ‘ನಟಸಾಮ್ರಾಟ್’ನಲ್ಲಿ, ಮಕ್ಕಳ ಮನೆಯಲ್ಲಿ ನೆಲೆ ಕಳೆದುಕೊಳ್ಳುವ ವೃದ್ಧ ನಟ ಗಣಪತರಾವ್ ಬೇಲವಲಕರನಾಗಿ ಅವರು ನಿರ್ವಹಿಸಿದ ಪಾತ್ರವು ಆಧುನಿಕ ಮರಾಠಿ ಅಭಿನಯದ ಅಳತೆಗೋಲಾಯಿತು. ಅದೇ ವರ್ಷ ವಿಜಯ ತೆಂಡೂಲ್ಕರರ ‘ಗಿಧಾಡೆ’ಯನ್ನು ನಿರ್ದೇಶಿಸಿ ಅವರು ಸೆನ್ಸಾರಿನ ಆಕ್ಷೇಪಗಳನ್ನೂ ಎದುರಿಸಿದರು.

ಮರಾಠಿ ತೆರೆ ಅವರಿಗೆ ಕೇಂದ್ರಸ್ಥಾನವನ್ನೇ ಕೊಟ್ಟಿತು. ವಿ. ಶಾಂತಾರಾಮರ ‘ಪಿಂಜರಾ’ದಲ್ಲಿ (1972) ಅವರು ತಮಾಶಾದ, ಎಂದರೆ ಹಾಡು, ಕುಣಿತ, ಹಾಸ್ಯಗಳ ಜನಪದ ರಂಗಪ್ರಕಾರದ ನರ್ತಕಿಗೆ ಮನಸೋತು ಕುಸಿಯುವ ಆದರ್ಶ ಶಿಕ್ಷಕ. ಜಬ್ಬಾರ್ ಪಟೇಲರು ನಿರ್ದೇಶಿಸಿದ, ತೆಂಡೂಲ್ಕರರು ಚಿತ್ರಕಥೆ ಬರೆದ ‘ಸಾಮನಾ’ವಂತೂ ಈ ಪರಂಪರೆಯ ಶಿಖರವೆಂದರೆ ತಪ್ಪಾಗದು. ಸಕ್ಕರೆ ಕಾರ್ಖಾನೆಯ ಬಲದಿಂದ ಊರನ್ನಾಳುವ ಧಣಿಯಾಗಿ ನಿಳೂ ಫುಲೆ, ಕುಡಿತದಲ್ಲಿ ಮುಳುಗಿದರೂ ಆತ್ಮಸಾಕ್ಷಿ ಆರದ ಗಾಂಧಿವಾದಿ ಮಾಸ್ತರನಾಗಿ ಲಾಗೂ ಎದುರುಬದುರಾದ ಈ ಚಿತ್ರ 1975ರ ಬರ್ಲಿನ್ ಚಿತ್ರೋತ್ಸವದ ಸ್ಪರ್ಧೆಗೂ ಹೋಯಿತು. ಫುಲೆ ಬಂದದ್ದು ತಮಾಶಾದಿಂದ ಬೆಳೆದ ಲೋಕನಾಟ್ಯದಿಂದ, ಲಾಗೂ ನಗರದ ಸಾಹಿತ್ಯನಿಷ್ಠ ರಂಗಭೂಮಿಯಿಂದ. ಮಹಾರಾಷ್ಟ್ರದ ಎರಡು ಅಭಿನಯ ಶಾಲೆಗಳು ಹೀಗೆ ಸಮಬಲದಿಂದ ಸೆಣಸಿದ್ದು ಅಪರೂಪ. 1979ರ ‘ಸಿಂಹಾಸನ’ದಲ್ಲಿ ಲಾಗೂ ಅರ್ಥಮಂತ್ರಿಯಾಗಿ, ಫುಲೆ ಪತ್ರಕರ್ತರಾಗಿ ಮತ್ತೆ ಕಾಣಿಸಿಕೊಂಡರು. ಜಬ್ಬಾರ್ ಪಟೇಲರದೇ ‘ಉಂಬರಠಾ’ದಲ್ಲಿ (1982) ಸ್ಮಿತಾ ಪಾಟೀಲರ ಪತಿಯ ಪಾತ್ರಕ್ಕೆ ಕನ್ನಡದ ಗಿರೀಶ ಕಾರ್ನಾಡರು ಬಂದುದನ್ನೂ ಇಲ್ಲಿ ನೆನೆಯಬೇಕು.

ಹಿಂದಿ ಚಿತ್ರಗಳು ಸಂಖ್ಯೆಯಲ್ಲಿ ಬಹಳ ಹೆಚ್ಚು, ಅವಕಾಶದಲ್ಲಿ ಬಹಳ ಕಡಿಮೆ. ತಂದೆ, ವೈದ್ಯ, ಪೊಲೀಸ್ ಅಧಿಕಾರಿಯಂಥ ಪಾತ್ರಗಳು ಅವರ ಗಾಂಭೀರ್ಯವನ್ನು ಬಳಸಿಕೊಂಡವೇ ಹೊರತು ಅದರ ಕೆಳಗಿನ ತಳಮಳವನ್ನು ಕೇಳಲಿಲ್ಲ. ಭೀಮಸೈನರ ‘ಘರೋಂದಾ’ (1977) ಇದಕ್ಕೆ ಅಪವಾದ. ಮುಂಬಯಿಯಲ್ಲಿ ಮನೆ ಕೊಳ್ಳಲಾಗದ ಪ್ರೇಮಿಗಳ ನಡುವೆ ಬರುವ ಹೃದ್ರೋಗಿ ಧನಿಕ ಮೋದಿಯನ್ನು ಖಳನಾಗಿಸದೆ, ಪ್ರೀತಿಗೆ ಹಂಬಲಿಸುವ ಒಂಟಿ ಮನುಷ್ಯನನ್ನಾಗಿ ಅವರು ಕಡೆದರು. ಪೋಷಕ ನಟನಿಗೆ ಕೊಡುವ ಫಿಲ್ಮ್‌ಫೇರ್ ಪ್ರಶಸ್ತಿ ಅದಕ್ಕೆ ದೊರೆಯಿತು. ಇಂಗ್ಲಿಷಿನ ‘ಗಾಂಧಿ’ಯ (1982) ಗೋಪಾಲಕೃಷ್ಣ ಗೋಖಲೆ, ಮೃಣಾಲ್ ಸೇನರ ‘ಏಕ್ ದಿನ್ ಅಚಾನಕ್’ನಲ್ಲಿ (1989) ಮಳೆಯ ಸಂಜೆ ಮನೆ ಬಿಟ್ಟು ಮರಳದ ಪ್ರಾಧ್ಯಾಪಕ, ಈ ಪಾತ್ರಗಳೂ ಅದೇ ಸಾಲಿಗೆ ಸೇರುತ್ತವೆ.

ತೆರೆಯಾಚೆ ಅವರು ದೇವರ ಕಲ್ಪನೆಯನ್ನೇ ಬಹಿರಂಗವಾಗಿ ಪ್ರಶ್ನಿಸಿದ ವಿಚಾರವಾದಿ, ನರೇಂದ್ರ ದಾಭೋಲ್ಕರರ ಅಂಧಶ್ರದ್ಧಾ ನಿರ್ಮೂಲನ ಚಳವಳಿಯ ಜೊತೆಗಾರ. ಆತ್ಮಕಥೆಗೆ ಅವರು ‘ಲಮಾಣ’ ಎಂದು ಹೆಸರಿಟ್ಟರು. ಕನ್ನಡದ ‘ಲಮಾಣಿ’ಗೆ ಸಮೀಪದ ಈ ಪದ ಊರಿಂದೂರಿಗೆ ಸರಕು ಸಾಗಿಸುವವನನ್ನು ಸೂಚಿಸುತ್ತದೆ, ನಾಟಕಕಾರನ ಸರಕನ್ನು ಪ್ರೇಕ್ಷಕನಿಗೆ ತಲುಪಿಸುವವನೇ ನಟ ಎಂಬ ಅವರ ತಿಳಿವಳಿಕೆ ಅದರಲ್ಲಿ ಅಡಗಿದೆ. ಅವರ ನಂತರ ದತ್ತಾ ಭಟ್ ಮೊದಲಾದವರು ಬೇಲವಲಕರನನ್ನು ರಂಗದ ಮೇಲೆ ಮುಂದುವರಿಸಿದರು. ಹಿಂದಿಯಲ್ಲಿ ಪೋಷಕ ಪಾತ್ರದ ಗೆರೆಯನ್ನು ದಾಟಿ ನಾಯಕಸ್ಥಾನಕ್ಕೇರಿದ ನಾನಾ ಪಾಟೇಕರ್, 2016ರಲ್ಲಿ ಮಹೇಶ ಮಾಂಜರೇಕರರ ಚಿತ್ರದಲ್ಲಿ ಅದೇ ಪಾತ್ರವನ್ನು ಮರಾಠಿ ತೆರೆಗೆ ತಂದಾಗ ಲಾಗೂ ಇನ್ನೂ ಇದ್ದರು. 2019ರ ಡಿಸೆಂಬರ್ 17ರಂದು ಪುಣೆಯಲ್ಲಿ ಅವರು ತೀರಿಕೊಂಡರು.