ಲದ್ದಿ ಕಾವಿನಲ್ಲಿ ಬೆಳೆದ ಚಳಿಗಾಲದ ಸೊಪ್ಪು

ಮಾಗಿ ಚಳೀಲಿ ಬೆಳಿಗ್ಗೆ ತಿಪ್ಪೆ ಕೆದಕಿದ್ರೆ ಹಬೆ ಏಳೋದನ್ನ ನಾವೆಲ್ಲ ನೋಡಿದೀವಿ. 19ನೇ ಶತಮಾನದಲ್ಲಿ ಪ್ಯಾರಿಸ್ ಪಟ್ಟಣದ ತರಕಾರಿ ರೈತರು ಆ ಕಾವನ್ನೇ ನಂಬಿ ಬದುಕಿದ್ದರು.

ಅವರದೂ ನಮ್ಮ ಹಾಗೆ ಸಣ್ಣ ಹಿಡುವಳಿ. ಚಳಿಗಾಲ ಬಂದ್ರೆ ಹೊರಗೆ ಏನೂ ಬೆಳೆಯಲ್ಲ. ಪಟ್ಟಣದ ಲಾಯಗಳಿಂದ ಕುದುರೆ ಲದ್ದಿ, ಹುಲ್ಲು ತಂದು ದಪ್ಪಗೆ ಹಾಸಿ, ತುಳಿದು, ನೀರು ಹಾಕೋರು. ಅದರ ಮೇಲೆ ಕಳಿತ ಗೊಬ್ಬರದ ಮಣ್ಣು. ಮೊದಲ ಕಾವು ಇಳಿದ ಮೇಲೇ ಬಿತ್ತನೆ, ಆತುರಪಟ್ರೆ ಬೀಜ ಬೆಂದುಹೋಗುತ್ತೆ. ಮೇಲೆ ಗಾಜಿನ ಚೌಕಟ್ಟು, ಇಲ್ಲಾಂದ್ರೆ ಗಂಟೆಯಾಕಾರದ ಗಾಜಿನ ಮುಚ್ಚಳ. ರಾತ್ರಿ ಹುಲ್ಲಿನ ಚಾಪೆ ಹೊದಿಸಿ ಬೆಳಿಗ್ಗೆ ತೆಗೆಯೋದು. ಮೂಲಂಗಿ, ಕ್ಯಾರೆಟ್, ಲೆಟ್ಯೂಸ್ ಒಂದೇ ಮಡೀಲಿ. ಮೂಲಂಗಿ ಕಿತ್ತ ಜಾಗ ಉಳಿದವಕ್ಕೆ. 1845ರಲ್ಲಿ ಮೊರೊ, ದಾವೆರ್ನ್ ಅನ್ನೋ ಇಬ್ಬರು ಬೆಳೆಗಾರರೇ ಈ ಕಸುಬಿನ ಪುಸ್ತಕ ಬರೆದರು.

ಗುತ್ತಿಗೆ ಬಿಡುವಾಗ ತಾವು ಮಾಡಿದ ಮೇಲ್ಮಣ್ಣನ್ನೂ ಹೇರ್ಕೊಂಡು ಹೋಗೋ ಕರಾರು ಇರ್ತಿತ್ತು ಅಂತ ರಷ್ಯಾದ ಕ್ರೊಪೊಟ್ಕಿನ್ ಬರೆದಿದ್ದಾರೆ. ಗೊಬ್ಬರದ ಬೆಲೆ ಅವರಿಗೆ ಅಷ್ಟು ಗೊತ್ತಿತ್ತು.

20ನೇ ಶತಮಾನದಲ್ಲಿ ಮೋಟಾರು ಗಾಡಿ ಬಂತು. ಕುದುರೆ ಹೋಯ್ತು, ಲದ್ದೀನೂ ಹೋಯ್ತು. ಪಟ್ಟಣ ಬೆಳೆದು ತೋಟಗಳನ್ನ ನುಂಗಿತು. ಕಸುಬು ಮುಗೀತು.

ನಾನೂ ಟಿಲ್ಲರ್ ತಂದ ವರ್ಷ ಜೋಡೆತ್ತು ಮಾರಿದೆ. ಈಗ ಒಂದು ಲೋಡ್ ಗೊಬ್ಬರಕ್ಕೆ ಊರೂರು ಅಲೀತಿದೀನಿ. ನೆರಳು ಪರದೆ, ಪ್ಲಾಸ್ಟಿಕ್ ಹೊದಿಕೆ ಅಂಗಡೀಲಿ ಸಿಗುತ್ತೆ. ಕೊಟ್ಟಿಗೆ ಖಾಲಿಯಾದ್ರೆ ಸಾವಯವ ಅನ್ನೋದು ಬರೀ ಮಾತು. ಹಸು ಮಾರೋಕೆ ಹೊರಟೋರು ಒಂದ್ಸಲ ಯೋಚ್ನೆ ಮಾಡಿ. ಈ ಸಲ ನಾನೊಂದು ಕರು ಕಟ್ಟಿದೀನಿ.