ಐನೂರು ಪೌಂಡಿನ ಕಿಟಕಿ

ಅಜ್ಜ ಕೊನೆಯ ಸಲ ಆಸ್ಪತ್ರೆ ಸೇರಿದಾಗ ಅವರಿಗೆ ಹೆಸರೇ ಇರಲಿಲ್ಲ. ಹದಿನಾಲ್ಕನೇ ಬೆಡ್, ಅಷ್ಟೆ. ರಾತ್ರಿ ಹೊಟ್ಟೆ ಹಿಡಿದುಕೊಂಡು ನರಳುವಾಗ ಓಡಿಹೋಗಿ ಕೇಳಿದರೆ "ಇಂಜೆಕ್ಷನ್ ಟೈಮ್ ಇನ್ನೂ ಆಗಿಲ್ಲ, ತಡ್ಕೊಳ್ಳೋಕೆ ಹೇಳಿ" ಅನ್ನೋ ಉತ್ತರ. ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರು ಫೈಲ್ ನೋಡಿ "ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ" ಅಂದರು. ಅಜ್ಜನ ಎದುರಿಗೇ!

ಆ ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಅದನ್ನು ಒಪ್ಪದೇ ಹೋದ ಒಬ್ಬಾಕೆಯ ಕಥೆ ಈಚೆಗೆ ಓದಿದೆ. ನಿಮಗೂ ಹೇಳಬೇಕೆನ್ನಿಸಿತು.

ಆಕೆ ಸಿಸಿಲಿ ಸಾಂಡರ್ಸ್. ಹುಟ್ಟಿದ್ದು 1918ರಲ್ಲಿ, ಇಂಗ್ಲೆಂಡಿನಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ನರ್ಸ್ ಆದರು. ಬೆನ್ನುನೋವಿನಿಂದ ಆ ಕೆಲಸ ಬಿಟ್ಟು ಆಸ್ಪತ್ರೆಯಲ್ಲೇ ಸಮಾಜ ಕಾರ್ಯಕರ್ತೆಯಾದರು. ಅಲ್ಲಿ ಸಿಕ್ಕಿದ್ದು ಡೇವಿಡ್ ಟಾಸ್ಮಾ. ವಾರ್ಸಾದಿಂದ ಬಂದಿದ್ದ ಯಹೂದಿ, ವಯಸ್ಸು ನಲವತ್ತು, ಗುಣವಾಗದ ಕ್ಯಾನ್ಸರ್, ಲಂಡನ್ನಿನಲ್ಲಿ ನನ್ನವರು ಅನ್ನೋರಿಲ್ಲ. ಸಾಯುವವರಿಗೆ ಎಂಥ ಜಾಗ ಇರಬೇಕು ಅಂತ ಇಬ್ಬರೂ ಮಾತಾಡಿಕೊಳ್ಳುತ್ತಿದ್ದರಂತೆ. 1948ರಲ್ಲಿ ಆತ ತೀರಿಕೊಂಡಾಗ ಸಿಸಿಲಿಗೆ 500 ಪೌಂಡ್ ಬಿಟ್ಟುಹೋದ. ನೀನು ಕಟ್ಟುವ ಮನೆಯಲ್ಲಿ ನಾನೊಂದು ಕಿಟಕಿಯಾಗಿರುತ್ತೇನೆ ಎಂದಿದ್ದ.

ಬರೀ ಕನಸು ಸಾಲದು, ವೈದ್ಯರ ಮಾತನ್ನಷ್ಟೇ ಲೋಕ ಕೇಳೋದು ಅಂತ ಗೊತ್ತಾಗಿ ಆಕೆ ಮೂವತ್ತು ದಾಟಿದ ಮೇಲೆ ಮೆಡಿಕಲ್ ಓದಲು ಕೂತರು! 1957ರಲ್ಲಿ ಡಾಕ್ಟರಾದರು. ನಂತರ ಹ್ಯಾಕ್ನಿಯ ಸೇಂಟ್ ಜೋಸೆಫ್ಸ್‌ನಲ್ಲಿ ಕೆಲಸ. ಆಗೆಲ್ಲ ರೋಗಿ ನೋವು ತಡೆಯಲಾರದೆ ಕೇಳಿದ ಮೇಲೇ ಮಾರ್ಫಿನ್ ಕೊಡುವ ಪದ್ಧತಿ. ಸಿಸಿಲಿ ಗಡಿಯಾರ ನೋಡಿ, ಹಿಂದಿನ ಡೋಸಿನ ಪ್ರಭಾವ ಇಳಿಯುವ ಮೊದಲೇ ಮುಂದಿನದನ್ನು ಕೊಡಿಸಿದರು. ನೋವು ಹತೋಟಿಗೆ ಬಂತು, ರೋಗಿಗಳು ಎಚ್ಚರವಾಗಿದ್ದು ಮನೆಯವರ ಜೊತೆ ಮಾತಾಡುವಂತಾಯಿತು. ಕ್ರಾಶ್ ಆಗೋವರೆಗೆ ಕಾಯುವ ಸಿಸ್ಟಮ್ಮನ್ನು ನಾವು ಕಂಪ್ಯೂಟರಿಗೂ ಬರೆಯಲ್ಲ ಅಲ್ವಾ?

ನೋವು ಅಂದರೆ ಮೈಯದ್ದಷ್ಟೇ ಅಲ್ಲ ಎಂದೂ ಆಕೆ ಹೇಳಿದರು. ಮನಸ್ಸಿನ ಭಯ, ಸಂಸಾರದ ಚಿಂತೆ, ದೇವರ ಮೇಲಿನ ಸಿಟ್ಟು ಎಲ್ಲ ಸೇರಿ 'ಪೂರ್ಣ ನೋವು'. 1967ರಲ್ಲಿ ಲಂಡನ್ನಿನ ಸಿಡನ್‌ಹ್ಯಾಮಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಶುರುವಾಯಿತು. ಟಾಸ್ಮಾನ ಕಿಟಕಿ ಅಲ್ಲಿದೆ. 2005ರಲ್ಲಿ ಸಿಸಿಲಿ ಕೊನೆಯುಸಿರೆಳೆದದ್ದೂ ಅಲ್ಲೇ.

ನಮ್ಮಲ್ಲಿ? 1986ರಲ್ಲಿ ಮುಂಬಯಿಯಲ್ಲಿ ಶಾಂತಿ ಅವೇದನಾ ಸದನ ಬಂತು. 1993ರಲ್ಲಿ ಕೋಳಿಕೋಡಿನಲ್ಲಿ ಡಾ. ರಾಜಗೋಪಾಲ್ ಮತ್ತು ಗೆಳೆಯರು ನೋವು ಶಮನದ ಸಂಘ ಕಟ್ಟಿದರು. ಆದರೆ ಮಾದಕ ವಸ್ತು ತಡೆಯಲೆಂದು 1985ರಲ್ಲಿ ಬಂದ ಕಾನೂನಿನಿಂದ ಮಾರ್ಫಿನ್ನಿಗೆ ಲೈಸೆನ್ಸುಗಳ ಸರಮಾಲೆಯೇ ಬೇಕಿತ್ತು. ಎಷ್ಟೋ ಆಸ್ಪತ್ರೆಗಳು ಅದರ ಸಹವಾಸವೇ ಬೇಡವೆಂದವು. ತಿದ್ದುಪಡಿಯಾಗಿದ್ದು 2014ರಲ್ಲಿ.

ಬೆಂಗಳೂರಿನಲ್ಲೂ 1999ರಿಂದ ಕರುಣಾಶ್ರಯ ಇದೆ, ಮಾರತ್ತಹಳ್ಳಿ ಹತ್ತಿರ. ಗುಣವಾಗದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಆರೈಕೆ ಉಚಿತ.

ಅಜ್ಜ ನರಳುತ್ತಿದ್ದ ದಿನಗಳಲ್ಲೂ ನಾನು ಆಫೀಸ್ ಬಸ್ಸಿನಲ್ಲಿ ಆ ರಸ್ತೆಯಲ್ಲೇ ಓಡಾಡುತ್ತಿದ್ದೆ. ಬೋರ್ಡು ಕಣ್ಣಿಗೆ ಬಿದ್ದಿತ್ತು, ಏನಂತ ವಿಚಾರಿಸಿರಲಿಲ್ಲ. ನಿಮ್ಮ ಮನೆಯವರಿಗೆ ಯಾರಾದರೂ 'ಇನ್ನೇನೂ ಮಾಡೋಕಾಗಲ್ಲ' ಅಂದರೆ, ದಯವಿಟ್ಟು ನೀವು ವಿಚಾರಿಸಿ.